ಚಾದರದ ಎರಡು ತುದಿ

ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿ ಹರಿದಾಗ ಏಳುವ ವಾಸನೆ ದೊಡ್ಡಕ್ಕನಿಗೆ ಬುದ್ಧಿ ಬಂದಾಗಿನಿಂದ ಗೊತ್ತು. ಅವಳ ಅಮ್ಮನೂ ಲಾಂಡ್ರಿಯಲ್ಲೇ ದುಡಿದವಳು. ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ ಅಲ್ಲಿಗೇ ಬಂದು, ಇಸ್ತ್ರಿ ಮೇಜಿನ ಕೆಳಗೆ ಮಡಿಚಿಟ್ಟ ಬಟ್ಟೆಗಳಿಗೆ ಬೆನ್ನು ಕೊಟ್ಟು ಅವಳು ನಿದ್ದೆ ಹೋಗುತ್ತಿದ್ದಳು. ಎದ್ದಾಗ ಕೆನ್ನೆ ಬೆಚ್ಚಗೆ, ಮೂಗಿನ ತುಂಬ ಆ ವಾಸನೆ. ಜ್ವರ ಬಂದಾಗಲೂ ಔಷಧಿಗಿಂತ ಮೊದಲು ಬೇಕಾಗುತ್ತಿದ್ದುದು ಅಮ್ಮನ ತೋಳಿಗೆ ಅಂಟಿಕೊಂಡಿರುತ್ತಿದ್ದ ಅದೇ ವಾಸನೆ.

ಈಗ ಆಸ್ಪತ್ರೆಯ ಹೆರಿಗೆ ವಾರ್ಡಿನ ಮುಂದೆ, ಬೆಂಚಿನ ತುದಿಯಲ್ಲಿ ಕೂತಿದ್ದವಳ ಪಕ್ಕದಿಂದ ಆಯಾ ಒಬ್ಬಳು ಒಗೆದ ಚಾದರಗಳ ಗಾಡಿಯನ್ನು ತಳ್ಳಿಕೊಂಡು ಹೋದಳು. ಅದೇ ವಾಸನೆ. ಈ ಆಸ್ಪತ್ರೆಯ ಚಾದರಗಳೆಲ್ಲ ಅವಳ ಲಾಂಡ್ರಿಗೇ ಬರುವುದು. ಗಾಡಿಯಲ್ಲಿದ್ದವು ನಿನ್ನೆ ಅವಳೇ ಮಡಿಚಿದ ಚಾದರಗಳು. ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಗುಬ್ಬಿಯ ಕೈಯಲ್ಲಿ. ದೊಡ್ಡಕ್ಕ ಮುಖ ತಿರುಗಿಸಿಕೊಂಡಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಯಾಕಮ್ಮಾ, ಸಂಕಟ ಆಗ್ತಿದೆಯಾ? ಕಿಟಕಿ ಕಡೆ ಸರ್ಕೊಳ್ಳಿ, ಗಾಳಿ ಬರುತ್ತೆ," ಎಂದು ಆಯಾ ಗಾಡಿ ನಿಲ್ಲಿಸಿದಳು. "ಒಳಗಿರೋಳು ಮಗಳಾ?"

"ಅಲ್ಲ. ಒಟ್ಟಿಗೆ ಕೆಲಸ ಮಾಡ್ತೀವಿ."

"ಮಗಳೇ ಅಂದ್ಕೊಂಡೆ. ಮುಖ ಹಾಗೆ ಮಾಡ್ಕೊಂಡಿದ್ದೀರಿ," ಎಂದು ಆಯಾ ಕಿಟಕಿಯ ಬಾಗಿಲನ್ನು ತಾನೇ ತೆರೆದು, ಗಾಳಿಗೆ ಬಡಿಯದ ಹಾಗೆ ಕೊಕ್ಕೆ ಹಾಕಿ ಹೋದಳು.

ವಾರ್ಡಿನ ಬಾಗಿಲ ಹಿಂದೆ ಗುಬ್ಬಿ ಮಲಗಿದ್ದಳು. ಏಳು ತಿಂಗಳ ಬಸುರಿ. ಸಣ್ಣ ಮೈ, ಸದಾ ಬಡಬಡ ಮಾತು, ಅದಕ್ಕೇ ಲಾಂಡ್ರಿಯಲ್ಲಿ ಆ ಹೆಸರು. ಬೆಳಿಗ್ಗೆ ಕೆಲಸದ ನಡುವೆ ಅವಳಿಗೆ ಪೆಟ್ಟಾಗಿತ್ತು, ಸ್ವಲ್ಪ ಹೊತ್ತಿಗೇ ಬಟ್ಟೆಯ ಮೇಲೆ ರಕ್ತದ ಕಲೆ ಕಂಡಿತ್ತು. ದೊಡ್ಡಕ್ಕನೇ ಬಾಡಿಗೆ ಕಾರು ಹಿಡಿದು ಕರೆತಂದಿದ್ದಳು. ಕಾರಿನಲ್ಲಿ ಹಿಂದಿನ ಸೀಟಿಗೆ ಒರಗಿಕೊಂಡೇ ಗುಬ್ಬಿ ಅವಳ ಕೈ ಹಿಂಡಿ ಪಿಸುಗುಟ್ಟಿದ್ದಳು: "ಒದ್ದೆ ನೆಲದ ಮೇಲೆ ಕಾಲು ಜಾರಿ ಕೂತುಬಿಟ್ಟೆ ಅಂತ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು. ಆಟ ಆಡಿದ್ದು ಅಂತ ಗೊತ್ತಾದ್ರೆ ಸೀಟಿ ನಿನ್ನನ್ನ ಕೆಲಸದಲ್ಲಿ ಇಟ್ಕೊಳ್ತಾಳಾ?" ಸೀಟಿ ಎಂದರೆ ಲಾಂಡ್ರಿಯ ಮೇಲ್ವಿಚಾರಕಿ.

ದೊಡ್ಡಕ್ಕ ಬಾಯಿ ಮುಚ್ಚಿಕೊಂಡಿದ್ದಳು.

ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಗುಬ್ಬಿಯ ಗಂಡ ಬಂದ. ವೆಲ್ಡಿಂಗ್ ಕೆಲಸದವನು. ದಪ್ಪ ಕುತ್ತಿಗೆ, ಹುಬ್ಬಿನ ಮೇಲೆ ಸುಟ್ಟ ಗಾಯದ ಗುರುತು, ಮಾತು ಕಡಿಮೆ. ಗುಬ್ಬಿ ಅವನನ್ನು ಹಿಂದಿನಿಂದ ಕಬ್ಬಿಣ ಎಂದು ಕರೆಯುತ್ತಿದ್ದಳು. "ನಮ್ಮ ಕಬ್ಬಿಣ ಕರಗೋದು ನಾನು ಅತ್ತಾಗ ಮಾತ್ರ, ಅದಕ್ಕೇ ತಿಂಗಳಿಗೊಂದು ಸಲ ಸುಮ್ಸುಮ್ನೆ ಅತ್ತುಬಿಡ್ತೀನಿ," ಎಂದು ಹೇಳಿ ಲಾಂಡ್ರಿಯನ್ನೆಲ್ಲ ನಗಿಸುತ್ತಿದ್ದಳು. ಇವತ್ತು ಕೆಲಸದ ಜಾಗದಿಂದಲೇ ಓಡಿ ಬಂದಿದ್ದ. ಅಂಗಿಯ ಎದೆಯ ಮೇಲೆ ಮಸಿ, ತೋಳಿನಲ್ಲಿ ಕಿಡಿ ಬಿದ್ದು ಆದ ಸಣ್ಣ ಸಣ್ಣ ತೂತುಗಳು.

"ಅಕ್ಕಾ, ಏನಾಯ್ತು? ಹೇಗಿದ್ದಾಳೆ?"

"ಒಳಗೆ ನೋಡ್ತಾ ಇದ್ದಾರೆ."

"ಫೋನಲ್ಲಿ ಬಿದ್ಲು ಅಂದ್ರು, ಹೇಗೆ?"

ದೊಡ್ಡಕ್ಕ ತನ್ನ ಕೈಗಳನ್ನು ನೋಡಿಕೊಂಡಳು. "ನೆಲ ಒದ್ದೆ ಇತ್ತು," ಎಂದಳು.

ನೆಲ ಒದ್ದೆ ಇದ್ದದ್ದು ನಿಜ. ಲಾಂಡ್ರಿಯಲ್ಲಿ ನೆಲ ಒದ್ದೆಯಿಲ್ಲದ ದಿನವೇ ಇಲ್ಲ.

*

ದೊಡ್ಡ ಚಾದರವನ್ನು ಒಬ್ಬರಿಂದ ಮಡಿಚಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು. ಹಿಂದಕ್ಕೆ ವಾಲಿ ಎಳೆದು ಸುಕ್ಕು ಬಿಡಿಸಬೇಕು. ಆಮೇಲೆ ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಆಗ ಬೆರಳಿಗೆ ಬೆರಳು ತಾಗುತ್ತದೆ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹೀಗೆ ಕೆಲಸ ಮಾಡುವವರನ್ನು ಅಲ್ಲಿ ಜೋಡಿ ಎನ್ನುತ್ತಾರೆ. ಗುಬ್ಬಿ ಹೊಸದಾಗಿ ಕೆಲಸಕ್ಕೆ ಬಂದಾಗ ಅವಳನ್ನು ಯಾರೂ ಜೋಡಿ ಮಾಡಿಕೊಳ್ಳಲಿಲ್ಲ. "ಇವಳನ್ನ ಎಳೆದ್ರೆ ಚಾದರದ ಜೊತೆ ಇವಳೂ ಬರ್ತಾಳೆ," ಎಂದು ನಕ್ಕಿದ್ದರು. ದೊಡ್ಡಕ್ಕನೇ ಕರೆದು ತುದಿ ಕೈಗೆ ಕೊಟ್ಟಿದ್ದಳು. ಅಂದಿನಿಂದ ಅವರಿಬ್ಬರದೇ ಜೋಡಿ.

ಆ ಕೆಲಸದಲ್ಲೇ ಹುಟ್ಟಿದ ಒಂದು ಆಟವಿತ್ತು. ಸುಕ್ಕು ಬಿಡಿಸಲು ಎಳೆಯುವಾಗ, ಎದುರಿನವಳು ಮೈಮರೆತ ಕ್ಷಣ ನೋಡಿ ಒಮ್ಮೆಲೇ ಸೆಳೆಯುವುದು. ಯಾರ ಕೈಯಿಂದ ಮೂಲೆ ಜಾರಿತೋ ಅವರು ಎಲ್ಲರಿಗೂ ಚಹಾ ತಂದುಕೊಡಬೇಕು. ಒಬ್ಬಳ ಮಣಿಕಟ್ಟು ಉಳುಕಿದ ಮೇಲೆ ಮೇಲ್ವಿಚಾರಕಿ ಆ ಆಟವನ್ನು ನಿಲ್ಲಿಸಿದ್ದಳು. ಯಂತ್ರಗಳ ಸದ್ದಿನಲ್ಲಿ ಮಾತು ಕೇಳದೆಂದು ಆಕೆ ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡಿರುತ್ತಿದ್ದಳು, ಹೆಸರೂ ಅದೇ ಆಗಿತ್ತು. ಸೀಟಿ ಬೆನ್ನು ತಿರುಗಿಸಿದರೆ ಆಟ ಮತ್ತೆ ಶುರು. ಗುಬ್ಬಿಯ ಹೊಟ್ಟೆ ಕಾಣತೊಡಗಿದ ಮೇಲೆ ಮಾತ್ರ ದೊಡ್ಡಕ್ಕನೇ ಬೆರಳು ತೋರಿಸಿ ಹೇಳಿದ್ದಳು: "ಇವತ್ತಿಂದ ಸೆಳೆಯೋದು ಬಂದ್. ಒಳಗೊಬ್ಬರು ಚಾದರ ಹೊದ್ಕೊಂಡು ಮಲಗಿದ್ದಾರೆ."

ಇವತ್ತು ಬೆಳಿಗ್ಗೆ ಮೂಲೆಗೆ ಮೂಲೆ ಕೂಡಿಸುತ್ತ ಗುಬ್ಬಿ ಸುದ್ದಿ ಹೇಳಿದಳು. ಹೆರಿಗೆಯ ನಂತರ ಅವಳು ಮಡಿಚುವ ಕೋಣೆಗೆ ಬರುವುದಿಲ್ಲ. ಬಟ್ಟೆ ತೆಗೆದುಕೊಳ್ಳುವ ಮುಂಬಾಗಿಲಿನ ಕೌಂಟರಿಗೆ ಹೋಗುತ್ತಾಳೆ. ಅಲ್ಲಿ ಕುರ್ಚಿಯಿದೆ, ಫ್ಯಾನಿದೆ.

"ಸೀಟಿ ಒಪ್ಪಿದ್ಳಾ?"

"ಹೋದ ತಿಂಗಳೇ ಒಪ್ಪಿದ್ಳು. ಸಾಕಪ್ಪ ಈ ಆವಿ, ಈ ಬೆವರು. ನಿನಗೂ ಹೊಸ ಜೋಡಿ ಹುಡುಕು ಅಂತ ಹೇಳಿಟ್ಟಿದ್ದೀನಿ. ಗಟ್ಟಿಮುಟ್ಟಾದೋಳು ಸಿಕ್ತಾಳೆ ಬಿಡು, ನನ್ನ ಹಾಗೆ ಗಾಳಿಗೆ ಹಾರೋಳಲ್ಲ."

ಹೋದ ತಿಂಗಳು. ದಿನವೂ ಬೆರಳಿಗೆ ಬೆರಳು ತಾಗಿಸಿಕೊಂಡೇ ಇದ್ದು ಒಂದು ತಿಂಗಳು ಹೇಳಿರಲಿಲ್ಲ. ದೊಡ್ಡಕ್ಕ ಮುಂದಿನ ಚಾದರ ಕೊಡವಿದಳು. ಅವಳ ಮುಖ ಬಿಗಿದದ್ದನ್ನು ಕಂಡೋ ಏನೋ, ರಮಿಸುವವಳಂತೆ ಗುಬ್ಬಿ ಮೂಲೆಯನ್ನು ಮುಷ್ಟಿಗೆ ಸುತ್ತಿಕೊಂಡು ಚಿಟಿಕೆಯಷ್ಟು ಸೆಳೆದಳು. ಹಲ್ಲು ಕಾಣುವಂತೆ ನಕ್ಕಳು.

ದೊಡ್ಡಕ್ಕನ ಕೈ ಉತ್ತರ ಕೊಟ್ಟಿತು. ಎರಡೂ ಕೈ, ಎರಡೂ ತೋಳು, ಬೆನ್ನೂ ಕೂಡ. ಬಟ್ಟೆ ಸುತ್ತಿಕೊಂಡಿದ್ದರಿಂದ ಗುಬ್ಬಿಗೆ ಬಿಡಲಾಗಲಿಲ್ಲ. ಮುಗ್ಗರಿಸಿ ಬಂದವಳ ಹೊಟ್ಟೆಯ ಎಡಮಗ್ಗುಲು ಬಟ್ಟೆಗಾಡಿಯ ಕಬ್ಬಿಣದ ಅಂಚಿಗೆ ಹೊಡೆಯಿತು. ಅವಳು ಮೊದಲು ನಕ್ಕಳು. ಆಮೇಲೆ ನಗು ಮುಖದ ಮೇಲೆ ಇದ್ದ ಹಾಗೇ ಬಣ್ಣ ಇಳಿದುಹೋಯಿತು, ಮೆಲ್ಲಗೆ ನೆಲಕ್ಕೆ ಕೂತಳು. ಆವಿ ತುಂಬಿದ ಕೋಣೆಯಲ್ಲಿ ಇದನ್ನು ಇನ್ಯಾರೂ ನೋಡಲಿಲ್ಲ.

*

ಬಾಗಿಲು ತೆರೆದು ಕನ್ನಡಕದ ನರ್ಸ್ ಹೊರಗೆ ಬಂದಳು. ಗಂಡ ಥಟ್ಟನೆ ಎದ್ದು ನಿಂತ.

"ನೀವು ಯಾರು?"

"ಅವಳ ಯಜಮಾನ. ಒಳಗೆ ಹೋಗಬಹುದಾ?"

ನರ್ಸಿನ ಕಣ್ಣು ಅವನ ಹುಬ್ಬಿನ ಗಾಯ, ಮಸಿ ಮೆತ್ತಿದ ಕೈ, ಅಗಲ ಭುಜಗಳ ಮೇಲೆ ಹಾದು ಬಂತು. "ಈಗ ಆಗಲ್ಲ. ಕೂತಿರಿ," ಎಂದವಳು ದೊಡ್ಡಕ್ಕನ ಕಡೆ ತಿರುಗಿ, "ಅಮ್ಮಾ, ನೀವು ಒಂದ್ನಿಮಿಷ ಈ ಕಡೆ ಬನ್ನಿ," ಎಂದಳು.

ಔಷಧಿಯ ಕಪಾಟಿನ ಪಕ್ಕ, ಯಾರಿಗೂ ಕೇಳದಷ್ಟು ಮೆತ್ತಗೆ ನರ್ಸ್ ಕೇಳಿದಳು. "ಹುಡುಗಿ ಕಾಲು ಜಾರಿ ಕೂತೆ ಅಂತಾಳೆ. ಹೊಟ್ಟೆಗೇನೂ ತಾಗಿಲ್ಲ ಅಂತಾಳೆ. ಆದ್ರೆ ಎಡಗಡೆ ಹೊಟ್ಟೆ ಮೇಲೆ ಉದ್ದಕ್ಕೆ ಬರೆ ಬಿದ್ದಿದೆ. ಮಣಿಕಟ್ಟಿನ ಸುತ್ತ ಯಾರೋ ಹಿಡಿದು ತಿರುಚಿದ ಹಾಗೆ ಕೆಂಪಗಾಗಿದೆ. ಕೇಳಿದ್ರೆ ಅಳ್ತಾಳೆ, ಮನೆಗೆ ಕಳಿಸಿ ಅಂತ ಹಟ ಹಿಡೀತಾಳೆ. ನೀವು ದಿನಾ ನೋಡೋರು. ಮನೇಲಿ ಅವನು ಕೈ ಮಾಡ್ತಾನಾ?"

ಇಲ್ಲ ಎಂಬ ಮಾತು ದೊಡ್ಡಕ್ಕನ ನಾಲಗೆಯ ಮೇಲೇ ಇತ್ತು. ಅವನು ರಾತ್ರಿ ಗುಬ್ಬಿಯ ಊದಿದ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುವುದು, ಒರಟು ಅಂಗೈ ತಾಗಿ ಅವಳಿಗೆ ನೋವಾಗದಿರಲೆಂದು ಕೈಗೆ ಕಾಲುಚೀಲ ಹಾಕಿಕೊಳ್ಳುವುದು, ಇವೆಲ್ಲ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆಗಳು. ಆದರೆ ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಹಾಗಾದರೆ ಯಾರು?

"ನಂಗೇನ್ ಗೊತ್ತಮ್ಮ," ಎಂದಳು ದೊಡ್ಡಕ್ಕ. "ಮನೆ ಒಳಗಿನ ವಿಷಯ ಹೊರಗಿನೋರು ಹೇಗೆ ಹೇಳೋದು?"

ನರ್ಸ್ ನಿಟ್ಟುಸಿರುಬಿಟ್ಟು ಅವಳ ತೋಳು ಸವರಿದಳು. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಹೆದರ್ಕೋಬೇಡಿ, ಅವನನ್ನ ಒಳಗೆ ಬಿಡಲ್ಲ."

ಆ ಸವರಿದ ಜಾಗ ಸುಟ್ಟಂತಾಯಿತು. ದೊಡ್ಡಕ್ಕ ಬೆಂಚಿಗೆ ವಾಪಸು ಬಂದಾಗ ಗಂಡ ಸರಿದು, ಕಿಟಕಿಯ ಗಾಳಿ ಬರುವ ಕಡೆ ಅವಳಿಗೆ ಜಾಗ ಬಿಟ್ಟ. ಅವಳು ಕೂರದೆ ನಿಂತೇ ಇದ್ದಳು.

ವಾರ್ಡಿನ ಬಾಗಿಲಿಗೆ ಕಾವಲಿನವನೊಬ್ಬ ಬಂದು ನಿಂತ. ಬೇರೆ ಗಂಡಂದಿರು ಹೋಗಿ ಬರುತ್ತಿದ್ದರು. ಒಬ್ಬ ಹಣ್ಣು ಹಿಡಿದು ಒಳಗೆ ಹೋದ, ಇನ್ನೊಬ್ಬ ಫೋನಿನಲ್ಲಿ ನಗುತ್ತ ಹೊರಗೆ ಬಂದ. ಗುಬ್ಬಿಯ ಗಂಡ ಎದ್ದಾಗ ಮಾತ್ರ ಕಾವಲಿನವನು ಕೈ ಅಡ್ಡ ಹಿಡಿದ.

"ಎಲ್ಲಿಗೆ?"

"ಹೆಂಡತಿ ಒಳಗಿದ್ದಾಳೆ."

"ಗೊತ್ತು. ಈಗ ನೆನಪಾಯ್ತಾ ಹೆಂಡತಿ? ಹೋಗಿ ಕೂತ್ಕೋ."

ಅವನಿಗೆ ಅರ್ಥವಾಗಲಿಲ್ಲ. ಹಿಂದೆ ಬಂದು ಕೂತ. ತನ್ನ ಅಂಗಿಯನ್ನು ನೋಡಿಕೊಂಡ, ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ. "ಅಕ್ಕಾ, ಕೊಳೆ ಬಟ್ಟೆ ಅಂತ ಬಿಡ್ತಿಲ್ವಾ? ಒಳಗೆ ಸಣ್ಣ ಸಣ್ಣ ಮಕ್ಕಳಿರ್ತಾವಲ್ಲ."

ದೊಡ್ಡಕ್ಕ ಕಿಟಕಿಯ ಕಡೆ ನೋಡಿದಳು. ಅವನೇ ಉತ್ತರ ಸಿಕ್ಕವನಂತೆ ಎದ್ದು ಮೂಲೆಯ ನಲ್ಲಿಯ ಕಡೆ ಹೋದ. ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳಿತು. ಅವನು ಹಿಂದಿರುಗಿದಾಗ ಕೂದಲು ಒದ್ದೆ, ತಿಕ್ಕಿ ತಿಕ್ಕಿ ಮೊಣಕೈವರೆಗೆ ಕೆಂಪಗಾಗಿತ್ತು. ಅಂಗಿಯನ್ನು ಕಳಚಿ ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡಿದ್ದ. ಹೊಲಿಗೆಯ ನೂಲುಗಳು ಭುಜದ ಮೇಲೆ ಎದ್ದು ಕಾಣುತ್ತಿದ್ದವು, ಗುಂಡಿ ಹಾಕಲು ಬಾರದೆ ಎದೆಯ ಬಳಿ ಕೈಯಲ್ಲಿ ಕೂಡಿಸಿ ಹಿಡಿದಿದ್ದ.

"ಈಗ ಪರವಾಗಿಲ್ವಾ ನೋಡಿ," ಎಂದು ಕಾವಲಿನವನ ಮುಂದೆ ನಿಂತ.

ಕಾವಲಿನವನು ನಕ್ಕುಬಿಟ್ಟ.

ಅದೇ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ವಯಸ್ಸಾದ ಹೆಂಗಸು, ಕಾಲಿಗೆ ಮನೆಯಲ್ಲಿ ಹಾಕುವಂಥ ಮೆತ್ತನೆಯ ಚಪ್ಪಲಿ. "ಹುಡುಗಿ ಮನೆಗೆ ಹೋಗ್ತೀನಿ ಅಂತ ಮಂಚದಿಂದ ಇಳೀತಾ ಇದ್ದಾಳೆ," ಎಂದರು ನರ್ಸಿಗೆ. "ಏನಾಯ್ತು ಅಂತ ಯಾರಾದ್ರೂ ಸರಿಯಾಗಿ ಹೇಳೋರಿದ್ದಾರಾ ಇಲ್ಲಿ?"

"ನಾನು," ಎಂದಳು ದೊಡ್ಡಕ್ಕ.

ತನ್ನ ದನಿ ಇಷ್ಟು ಗಟ್ಟಿಯಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕಾಲು ಜಾರಿ ಬಿದ್ದದ್ದಲ್ಲ. ಇವರು ಹೊಡೆದದ್ದೂ ಅಲ್ಲ. ಇವರು ಇರಲೇ ಇಲ್ಲ. ನಾನು ಎಳೆದೆ. ಇಬ್ಬರೂ ಚಾದರ ಹಿಡ್ಕೊಂಡಿದ್ವಿ, ಅವಳ ಕೈಗೆ ಬಟ್ಟೆ ಸುತ್ಕೊಂಡಿತ್ತು, ನಾನು ಜೋರಾಗಿ ಎಳೆದುಬಿಟ್ಟೆ. ಗಾಡಿ ಅಂಚು ಹೊಟ್ಟೆಗೆ ಹೊಡೀತು."

ಬೈಗುಳಕ್ಕೆ ಅವಳು ಮೈ ಗಟ್ಟಿ ಮಾಡಿಕೊಂಡಿದ್ದಳು. ಡಾಕ್ಟರಮ್ಮ ಬೈಯಲಿಲ್ಲ. "ಎಲ್ಲಿಗೆ ಹೊಡೀತು? ನಿಮ್ಮ ಮೈ ಮೇಲೆ ತೋರಿಸಿ. ಬಗ್ಗಿ ಬಂದು ಹೊಡೀತಾ, ನೇರ ಹೊಡೀತಾ? ರಕ್ತ ಕಂಡದ್ದು ಕೂಡ್ಲೇನಾ, ಆಮೇಲಾ?" ಎಂದು ಒಂದೊಂದೇ ಕೇಳಿದರು. ದೊಡ್ಡಕ್ಕ ತನ್ನ ಹೊಟ್ಟೆಯ ಎಡಮಗ್ಗುಲಿಗೆ ಬೆರಳಿಟ್ಟು ತೋರಿಸಿದಳು. "ಸರಿ. ಕೂತು ಬಿದ್ದದ್ದು ಬೇರೆ, ಹೊಟ್ಟೆಗೇ ಪೆಟ್ಟು ಬಿದ್ದದ್ದು ಬೇರೆ. ಈಗ್ಲಾದ್ರೂ ಹೇಳಿದ್ರಲ್ಲ." ಅಷ್ಟು ಹೇಳಿ ಮೆತ್ತನೆಯ ಚಪ್ಪಲಿಯಲ್ಲೇ ಸರಸರ ಒಳಗೆ ಹೋದರು.

ನರ್ಸ್ ಉಳಿದಳು. ಕನ್ನಡಕ ತೆಗೆದು ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು. ದೊಡ್ಡಕ್ಕನ ಮುಖ ನೋಡಲಿಲ್ಲ. ಗಂಡನ ಕಡೆ ತಿರುಗಿ, "ಬನ್ನಿ," ಎಂದಳು. ಕಾವಲಿನವನ ಕೈಯನ್ನು ತಾನೇ ಪಕ್ಕಕ್ಕೆ ಸರಿಸಿ, ಬಾಗಿಲ ಬಳಿಯಿದ್ದ ತನ್ನ ಸ್ಟೂಲನ್ನು ಎತ್ತಿಕೊಂಡು ಅವನ ಮುಂದೆ ನಡೆದಳು. "ಮಂಚದ ಪಕ್ಕ ಇಟ್ಕೊಂಡು ಕೂತ್ಕೊಳ್ಳಿ. ಕೈ ಹಿಡ್ಕೊಳ್ಳಿ, ಪರವಾಗಿಲ್ಲ."

ಅವನು ಅಂಗಿಯನ್ನು ಎದೆಯ ಬಳಿ ಹಿಡಿದುಕೊಂಡೇ ಒಳಗೆ ಹೋದ. ಬಾಗಿಲ ಬಳಿ ಒಮ್ಮೆ ದೊಡ್ಡಕ್ಕನನ್ನು ನೋಡಿದ. ಅದು ಸಿಟ್ಟಿನ ನೋಟವಾಗಿದ್ದರೆ ಅವಳಿಗೆ ಸಹಿಸಲಾಗುತ್ತಿತ್ತು.

*

ಬಾಗಿಲು ಅರ್ಧ ತೆರೆದೇ ಇತ್ತು. ಗುಬ್ಬಿಯನ್ನು ಎಡಮಗ್ಗುಲಿಗೆ ಮಲಗಿಸಿ, ಹೊಟ್ಟೆಯ ಸುತ್ತ ಎರಡು ಪಟ್ಟಿ ಬಿಗಿದು ಯಂತ್ರಕ್ಕೆ ಜೋಡಿಸಿದರು. ಸ್ವಲ್ಪ ಹೊತ್ತಿಗೆ ಮಗುವಿನ ಎದೆಬಡಿತದ ಸದ್ದು ಹೊರಗೂ ಕೇಳಿತು. ಬಟ್ಟೆ ಒಣಗಿಸುವ ಯಂತ್ರದಲ್ಲಿ ಯಾರೋ ಮರೆತ ಚಪ್ಪಲಿ ಸುತ್ತಿದ ಹಾಗೆ ಗುದುಗುದು, ಗುದುಗುದು. ದೊಡ್ಡಕ್ಕ ಗೋಡೆಗೆ ಕಿವಿಯಿಟ್ಟವಳಂತೆ ನಿಂತಳು. ಒಮ್ಮೆ ಅದು ನಿಧಾನವಾಯಿತು. ಎರಡು ಬಡಿತಗಳ ನಡುವೆ ಇಡೀ ಕಾರಿಡಾರು ಖಾಲಿಯಾದಂತಾಯಿತು. "ಇನ್ನೂ ಸ್ವಲ್ಪ ಮಗ್ಗುಲಾಗಮ್ಮ, ಉದ್ದಕ್ಕೆ ಉಸಿರೆಳ್ಕೋ," ಎಂದು ನರ್ಸ್ ಹೇಳಿದ್ದು ಕೇಳಿತು. ಮತ್ತೆ ಗುದುಗುದು.

ಸ್ಕ್ಯಾನ್ ಮುಗಿಸಿ ಬಂದ ಡಾಕ್ಟರಮ್ಮ ಗಂಡನನ್ನು ಹೊರಗೆ ಕರೆದು, ಬೆಂಚಿನಲ್ಲಿ ಕೂರಿಸಿ ಹೇಳಿದರು. ಮಗುವಿಗೆ ರಕ್ತ ಕೊಡುವ ಮಾಸು ಗರ್ಭಕೋಶದ ಗೋಡೆಯಿಂದ ಒಂದು ಅಂಚಿನಲ್ಲಿ ಸ್ವಲ್ಪ ಬಿಟ್ಟುಕೊಂಡಿದೆ. ಹಿಂದೆ ಸ್ವಲ್ಪ ರಕ್ತ ನಿಂತಿದೆ. ಅದು ಹೆಚ್ಚಿದರೆ ತಡಮಾಡದೆ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು. ಹಾಗೇನಾದರೂ ಆದರೆ ಎಂದು ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಟ್ಟಾಗಿದೆ. ಹೆಚ್ಚದಿದ್ದರೆ ಒಳಗೇ ಬೆಳೆಯಲಿ. "ನಾಳೆ ಮಧ್ಯಾಹ್ನ ಮತ್ತೆ ಸ್ಕ್ಯಾನ್ ಮಾಡ್ತೀನಿ. ಅಲ್ಲೀವರೆಗೆ ಅವಳು ಮಂಚ ಬಿಟ್ಟು ಇಳಿಯೋ ಹಾಗಿಲ್ಲ. ಮನೆಗೆ ಹೋಗಿದ್ರೆ ಇದು ನಮಗೆ ಗೊತ್ತೇ ಆಗ್ತಿರಲಿಲ್ಲ."

ಅವರು ಹೋದ ಮೇಲೆ ಬೆಂಚಿನಲ್ಲಿ ಇಬ್ಬರೇ ಉಳಿದರು.

"ತಪ್ಪಾಯ್ತು," ಎಂದಳು ದೊಡ್ಡಕ್ಕ. ಆ ಮಾತು ತೀರ ಚಿಕ್ಕದಾಗಿ ಕೇಳಿತು, ಯಾರದೋ ಕಾಲು ತುಳಿದವರು ಹೇಳುವಂತೆ.

ಅವನು ಅಂಗೈಯ ಜಡ್ಡನ್ನು ಉಜ್ಜಿಕೊಳ್ಳುತ್ತಿದ್ದ. "ನರ್ಸಮ್ಮ ಕ್ಷಮೆ ಕೇಳಿದ್ರು. ನಾನು ಹೊಡೆದಿರಬಹುದು ಅಂತ ಅನುಮಾನ ಇತ್ತಂತೆ. ನಿಮ್ಮನ್ನೂ ಕೇಳಿದ್ರಂತೆ."

"ಹೂಂ."

"ನೀವೇನಂದ್ರಿ ಅಕ್ಕಾ?"

ಅವನ ದನಿಯಲ್ಲಿ ಸಂಶಯವಿರಲಿಲ್ಲ. ಒಳ್ಳೆಯ ಉತ್ತರ ಬರುತ್ತದೆಂದು ನಂಬಿ ಕೇಳಿದ ಹಾಗಿತ್ತು. ಒಂದು ಸುಳ್ಳು ಹೇಳಿದರೆ ಇಬ್ಬರಿಗೂ ಸಮಾಧಾನವಾಗುತ್ತಿತ್ತು.

"ಗೊತ್ತಿಲ್ಲ ಅಂದೆ," ಎಂದಳು.

ಅವನು ತಲೆ ಆಡಿಸಿದ. ಕೆಲಸದಲ್ಲಿ ಯಾರೋ ಅಳತೆ ಹೇಳಿದಾಗ ಆಡಿಸುವ ಹಾಗೆ. ಎದ್ದು ಒಳಗೆ ಹೋದ. ಬಾಗಿಲು ಈ ಸಲ ಪೂರ್ತಿ ಮುಚ್ಚಿಕೊಂಡಿತು.

*

ಮರುದಿನ ಕೆಲಸಕ್ಕೆ ಹೋದವಳೇ ಸೀಟಿಗೆ ಎಲ್ಲವನ್ನೂ ಹೇಳಿದಳು. ಸೀಟಿ ಕುತ್ತಿಗೆಯ ಸೀಟಿಯನ್ನು ಕಳಚಿ ಮೇಜಿನ ಮೇಲಿಟ್ಟಳು. "ಊದಿ ಊದಿ ನನ್ನ ದವಡೆ ಬಿದ್ದುಹೋಯ್ತು. ನಿಮಗೆ ಕಿವಿ ಕೇಳಿಸಿದ್ದು ಯಾವತ್ತು?" ಎಂದಳು. "ನಿನ್ನನ್ನ ಏನು ಮಾಡ್ಬೇಕು ಅಂತ ಮಾಲೀಕರು ಹೇಳ್ತಾರೆ. ಅಲ್ಲೀವರೆಗೆ ಮಡಿಚೋ ಕೋಣೆಗೆ ಕಾಲಿಡ್ಬೇಡ. ಕೊಳೆ ಬಟ್ಟೆ ವಿಂಗಡಿಸು ಹೋಗು."

ಕೊಳೆ ಬಟ್ಟೆಯ ಕೋಣೆ ಹಿತ್ತಲಲ್ಲಿ. ಆಸ್ಪತ್ರೆಯಿಂದ ಬಂದ ಚಾದರಗಳು ಗುಡ್ಡೆ ಬಿದ್ದಿದ್ದವು. ದೊಡ್ಡಕ್ಕ ಒಂದೊಂದನ್ನೇ ಕೊಡವಿ ಬೇರೆ ಬೇರೆ ಮಾಡಿದಳು. ರಕ್ತದ ಕಲೆಯಿದ್ದ ಒಂದು ಚಾದರ ಕೈಗೆ ಬಂತು. ಅದು ಯಾರದ್ದೆಂದು ಗೊತ್ತಾಗುವ ಹಾಗಿರಲಿಲ್ಲ. ಆದರೂ ಅದನ್ನು ಯಂತ್ರಕ್ಕೆ ಹಾಕದೆ ತಣ್ಣೀರಿನ ಬಾನಿಯಲ್ಲಿ ಕೈಯಾರೆ ತಿಕ್ಕಿದಳು, ಕಲೆ ಹೋದ ಮೇಲೂ ತಿಕ್ಕಿದಳು. ಊಟದ ವೇಳೆಗೆ ಸೀಟಿ ಬಾಗಿಲಲ್ಲಿ ನಿಂತು, "ಎಷ್ಟು ಸಲ ಗಡಿಯಾರ ನೋಡ್ತೀಯ? ಆಸ್ಪತ್ರೆಗೆ ಹೋಗ್ಬಾ. ಬರ್ತಾ ನಂಗೂ ಸುದ್ದಿ ತಗೊಂಡ್ ಬಾ," ಎಂದಳು.

ಗುಬ್ಬಿ ಎಡಮಗ್ಗುಲಿಗೇ ಮಲಗಿದ್ದಳು. ಮಣಿಕಟ್ಟಿನ ಸುತ್ತಿನ ಕೆಂಪು ನೀಲಿಗೆ ತಿರುಗಿತ್ತು. ಸ್ಕ್ಯಾನ್ ಆಗಿತ್ತು.

"ರಕ್ತ ಜಾಸ್ತಿ ಆಗಿಲ್ವಂತೆ," ಎಂದಳು ದೊಡ್ಡಕ್ಕನನ್ನು ನೋಡಿ. "ಇನ್ನೂ ಒಂದು ವಾರ ಹೀಗೇ ಬಿದ್ಕೊಂಡಿರ್ಬೇಕು. ಒಳಗಿರೋರು ನಿನ್ನೆಯಿಂದ ಒದ್ದು ಒದ್ದು ಸುಸ್ತಾಗಿದ್ದಾರೆ."

ದೊಡ್ಡಕ್ಕ ಮಂಚದ ಕಾಲ ಬಳಿ ನಿಂತೇ ಇದ್ದಳು. ಹೇಳಬೇಕೆಂದು ಬಂದದ್ದು ಅವಳ ಬಾಯಿಂದ ತಾನಾಗಿಯೇ ಹೊರಬಿತ್ತು. "ಗುಬ್ಬಿ, ಡಾಕ್ಟರ ಹತ್ರ ನಾನು ಪೂರ್ತಿ ಹೇಳಲಿಲ್ಲ. ಅದು ಬರೀ ಆಟ ಅಲ್ಲ."

"ಗೊತ್ತು."

"ಏನು ಗೊತ್ತು?"

"ಇಷ್ಟು ವರ್ಷ ನಿನ್ನ ಎದುರಿನ ತುದಿ ಹಿಡಿದಿದ್ದೀನಿ. ನಿನಗೆ ತಲೆನೋವಿದ್ರೆ ಚಾದರದಲ್ಲೇ ಗೊತ್ತಾಗುತ್ತೆ. ಬೆಳಿಗ್ಗೆ ತಿಂಡಿ ತಿಂದಿಲ್ಲ ಅಂದ್ರೂ ಗೊತ್ತಾಗುತ್ತೆ. ಸಿಟ್ಟು ಗೊತ್ತಾಗಲ್ವಾ?"

ಯಂತ್ರ ಗುದುಗುದು ಎನ್ನುತ್ತಿತ್ತು. ಪಕ್ಕದ ಮಂಚದ ಹೆಂಗಸು ಅವರ ಮಾತಿಗೆ ಅಡ್ಡಿಯಾಗದಿರಲೆಂದೋ ಏನೋ ಗೋಡೆಯ ಕಡೆ ತಿರುಗಿ ಮಲಗಿದಳು.

"ಮತ್ಯಾಕೆ ನನ್ನ ಹೆಸರು ಹೇಳಲಿಲ್ಲ?"

"ಕೌಂಟರ್ ವಿಷಯ ನಾನೂ ನಿನಗೆ ಮೊದಲು ಹೇಳಲಿಲ್ವಲ್ಲ. ಹೇಗೆ ಹೇಳೋದು ಅಂತ ಗೊತ್ತಾಗ್ದೆ ದಿನಾ ನಾಳೆ ಅಂತ ಮುಂದೂಡ್ತಿದ್ದೆ." ಗುಬ್ಬಿ ಕಣ್ಣು ಮುಚ್ಚಿದಳು. ಆಮೇಲೆ ತೆರೆಯದೆಯೇ ಹೇಳಿದಳು. "ಎಳೆದದ್ದು ನಾನು ಮರೀಬಹುದು ದೊಡ್ಡಕ್ಕ. ಆದ್ರೆ ಇವರು ಅಂಗಿ ತಿರುಗಿಸಿ ಹಾಕ್ಕೊಂಡು ಬಂದು ನಿಂತ್ರಲ್ಲ ನನ್ನ ಮುಂದೆ. ಅದರ ಬಗ್ಗೆ ಈಗ ಮಾತಾಡೋಕೆ ನನ್ನ ಕೈಲಾಗಲ್ಲ."

"ಬೇಡ," ಎಂದಳು ದೊಡ್ಡಕ್ಕ. "ಮಾತಾಡ್ಬೇಡ."

ಗುಬ್ಬಿಯ ಕಾಲಿನಿಂದ ಚಾದರ ಸರಿದಿತ್ತು. ಅದನ್ನು ಎಳೆದು ಹೊದಿಸಲು ದೊಡ್ಡಕ್ಕನ ಕೈ ಮುಂದೆ ಹೋಯಿತು, ಅಂಚು ಮುಟ್ಟುವ ಮುನ್ನ ನಿಂತಿತು. ಅವಳು ನರ್ಸನ್ನು ಕರೆದು, "ಕಾಲಿಗೆ ಗಾಳಿ ಹೊಡೀತಿದೆ, ಸ್ವಲ್ಪ ಹೊದಿಸ್ತೀರಾ?" ಎಂದು ಕೇಳಿ ಹೊರಗೆ ಬಂದಳು.

ಮನೆಗೆ ಹೋಗಲೂ ಮನಸ್ಸಾಗಲಿಲ್ಲ, ಕೆಲಸಕ್ಕೂ ಆಗಲಿಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಳು. ನಿನ್ನೆ ಆಯಾ ಹಾಕಿದ ಕೊಕ್ಕೆ ಹಾಗೇ ಇತ್ತು. ನಿನ್ನೆ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಆಗ ಅವಳಿಗೆ ನೆನಪಾಯಿತು.

ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾಯಿತು. ಗುಬ್ಬಿಯ ಗಂಡ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದ. ಒಗೆದ ಅಂಗಿ, ಎಲ್ಲ ಗುಂಡಿ ಹಾಕಿದ್ದ. ದೊಡ್ಡಕ್ಕ ಬೆಂಚಿನ ತುದಿಗೆ ಸರಿದಳು. ಅವನು ಅವಳ ಮುಂದಿನಿಂದಲೇ ಹಾದು ಒಳಗೆ ಹೋದ. ಕಾವಲಿನವನು ಎದ್ದು ಅವನಿಗೆ ಬಾಗಿಲು ತೆರೆದುಕೊಟ್ಟ.

ಒಳಗೆ ಡಬ್ಬಿಗಳನ್ನು ಬಿಡಿಸುವ ಸದ್ದು. ಗುಬ್ಬಿ ಏನೋ ಹೇಳಿದಳು, ಅವನು ಏನೋ ಹೇಳಿದ. ಮಾತುಗಳು ಕೇಳಲಿಲ್ಲ. ಆಮೇಲೆ ಚಮಚದ ಸದ್ದು, ಅದರ ಹಿಂದೆ ಯಂತ್ರದ ಗುದುಗುದು. ದೊಡ್ಡಕ್ಕ ತಲೆ ಬಗ್ಗಿಸಿ ಕೂತಿದ್ದಳು.

ಅವಳ ಮುಂದೆ ಎರಡು ಪಾದಗಳು ಬಂದು ನಿಂತವು. ಕ್ಯಾರಿಯರ್‌ನ ಒಂದು ಡಬ್ಬಿ ಅವನ ಬರಿಗೈಯಲ್ಲಿತ್ತು. ಮುಚ್ಚಳದ ಸುತ್ತ ಬಿಸಿ ಅನ್ನದ ಆವಿ ಏಳುತ್ತಿತ್ತು, ಜಡ್ಡುಗಟ್ಟಿದ ಅವನ ಅಂಗೈಗೆ ಆ ಬಿಸಿ ತಿಳಿಯುವಂತಿರಲಿಲ್ಲ. ಅವನು ಡಬ್ಬಿಯನ್ನು ಚಾಚಿದ, ಅವಳು ಕೈ ಒಡ್ಡಿದಳು. ಕೊಡಲಿದ್ದವನು ಕೈ ಹಿಂದಕ್ಕೆ ತೆಗೆದುಕೊಂಡ. ಇನ್ನೊಂದು ಕೈಯಿಂದ ಜೇಬಿನ ಕರವಸ್ತ್ರ ಎಳೆದು, ಬೆರಳುಗಳಿಂದಲೇ ಹೇಗೋ ಮಡಿಚಿದ. ಮೂಲೆಗೆ ಮೂಲೆ ಕೂಡಲಿಲ್ಲ. ಅದನ್ನು ಅವಳ ಅಂಗೈಯ ಮೇಲೆ ಹಾಸಿ, ಅದರ ಮೇಲೆ ಡಬ್ಬಿಯನ್ನಿಟ್ಟ.